ಬಿ.ಪಿ. ಗುಳಿಗೆ: ಸರ್ಪಗಂಧದಿಂದ ಟೆಲ್ಮಿಸಾರ್ಟಾನ್‌ವರೆಗೆ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ಬಿ.ಪಿ. ಇದ್ದವರ ಚೀಟಿಯಲ್ಲಿ ಇಂದು ಸಾಮಾನ್ಯವಾಗಿ ಕಾಣುವ ಹೆಸರು ಅಮ್ಲೋಡಿಪಿನ್ ಮತ್ತು ಟೆಲ್ಮಿಸಾರ್ಟಾನ್. ಇವುಗಳ ಹಿಂದೆ ಉದ್ದದ ಚರಿತ್ರೆಯಿದೆ. ಹಳೆಯ ಔಷಧಿಯ ಒಂದು ಉಪದ್ರವ ಕಳೆದು ಹೊಸದು ಇನ್ನೊಂದನ್ನು ತರುತ್ತ ಬಂದಿದೆ.

ಆರಂಭ ನಮ್ಮ ನೆಲದ್ದೇ. ಸರ್ಪಗಂಧದ ಬೇರಿನಿಂದ ರಕ್ತದೊತ್ತಡ ಇಳಿಯುತ್ತದೆಂದು ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕ ಚಂದ್ರ ಬೋಸ್ 1931ರಲ್ಲಿ ಬರೆದರು. ಮುಂಬೈಯ ರುಸ್ತುಂ ಜಾಲ್ ವಕೀಲ್ 1949ರಲ್ಲಿ ಐವತ್ತು ರೋಗಿಗಳ ಮೇಲಿನ ಅನುಭವವನ್ನು ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಪ್ರಕಟಿಸಿದ ಮೇಲೆ ಜಗತ್ತು ಇತ್ತ ತಿರುಗಿತು. 1952ರಲ್ಲಿ ಆ ಬೇರಿನಿಂದ ರಿಸರ್ಪಿನ್ ಬೇರ್ಪಟ್ಟಿತು. ಬಿ.ಪಿ. ಇಳಿಯಿತು, ಆದರೆ ಮೂಗು ಕಟ್ಟಿತು, ಮಂಪರು ಕವಿಯಿತು, ಕೆಲವರ ಮನಸ್ಸು ಖಿನ್ನತೆಗೆ ಜಾರಿತು.

1950ರ ದಶಕದ ಕೊನೆಗೆ ಮೂತ್ರ ಹೆಚ್ಚಿಸುವ ಥಯಜೈಡ್ ಗುಳಿಗೆಗಳು ಬಂದವು. ಇವುಗಳಿಂದ ಸೋಡಿಯಂ, ಪೊಟ್ಯಾಷಿಯಂ ಇಳಿಯಬಹುದು, ಯೂರಿಕ್ ಆಮ್ಲ ಏರಬಹುದು. ಆಮೇಲೆ ಬಂದ ಪ್ರೊಪ್ರನಲಾಲ್ ಆಸ್ತಮಾ ಇದ್ದವರಿಗೆ ಆಗಿಬರದು; ಅದನ್ನು ಒಮ್ಮೆಲೇ ನಿಲ್ಲಿಸುವುದೂ ಅಪಾಯ. ಬ್ರೆಜಿಲಿನ ಹಾವಿನ ವಿಷದ ಅಧ್ಯಯನದಿಂದ ಹುಟ್ಟಿದ ಕ್ಯಾಪ್ಟೊಪ್ರಿಲ್ 1981ರಲ್ಲಿ ಬಂತು. ಅದರ ವಂಶದ ಗುಳಿಗೆಗಳಿಂದ ಬರುವ ಒಣ ಕೆಮ್ಮನ್ನು ತಪ್ಪಿಸಿದ್ದು ಲೊಸಾರ್ಟಾನ್, ಟೆಲ್ಮಿಸಾರ್ಟಾನ್ ಗುಂಪು.

ಅಮ್ಲೋಡಿಪಿನ್‌ನಿಂದ ಕೆಲವರಿಗೆ ಬರುವ ಪಾದದ ಬಾವು ಬೇರೆ ಬಗೆಯದು. ಮೈಯಲ್ಲಿ ನೀರು ಹೆಚ್ಚಾಗಿ ಅಲ್ಲ, ಸಣ್ಣ ರಕ್ತನಾಳ ಹಿಗ್ಗಿ ಅಲ್ಲಿಂದ ನೀರು ಜಿನುಗುವುದರಿಂದ ಈ ಬಾವು. ಅದನ್ನು ಕಿಡ್ನಿ ಕಾಯಿಲೆಯೆಂದು ಹೆದರಿ ಗುಳಿಗೆ ಬಿಡುವವರಿದ್ದಾರೆ. ನೀರಿಳಿಸುವ ಇನ್ನೊಂದು ಗುಳಿಗೆ ಸೇರಿಸಿಕೊಳ್ಳುವವರೂ ಇದ್ದಾರೆ. ಪ್ರಮಾಣ ತಗ್ಗಿಸುವುದು ಅಥವಾ ಟೆಲ್ಮಿಸಾರ್ಟಾನ್ ಜೊತೆ ಕೊಡುವುದು ಸರಿಯಾದ ದಾರಿ. ಅದನ್ನು ವೈದ್ಯರೇ ತೀರ್ಮಾನಿಸಬೇಕು.

ಟೆಲ್ಮಿಸಾರ್ಟಾನ್‌ಗೆ ಗರ್ಭಿಣಿಯರ ವಿಷಯದಲ್ಲಿ ಕಟ್ಟುನಿಟ್ಟಿನ ತಡೆಯಿದೆ. ಮಗುವಿನ ಕಿಡ್ನಿಗೆ ಅದು ಕೇಡು. ಅವರಿಗೆ 1960ರ ಸುಮಾರಿಗೆ ಬಂದ ಮಿಥೈಲ್‌ಡೋಪಾ ಇಂದಿಗೂ ಆಸರೆ. ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ಜೆ.ಎನ್. ವೈದ್ಯಕೀಯ ಕಾಲೇಜಿನ ಸಂಶೋಧಕರು ನಡೆಸಿದ ‘ಕ್ಲಿಪ್’ ಅಧ್ಯಯನದಲ್ಲಿ ಸಮುದಾಯ ಆರೋಗ್ಯ ಕಾರ್ಯಕರ್ತೆಯರು ಗರ್ಭಿಣಿಯರ ಬಿ.ಪಿ. ಅಳೆದರು, ತೀರಾ ಏರಿದ್ದಲ್ಲಿ ಮಿಥೈಲ್‌ಡೋಪಾ ಕೊಟ್ಟು ಆಸ್ಪತ್ರೆಗೆ ಕಳಿಸುವ ವ್ಯವಸ್ಥೆಯಿತ್ತು. ಮೊಜಾಂಬಿಕ್, ಪಾಕಿಸ್ತಾನದ ಅಧ್ಯಯನಗಳೊಂದಿಗೆ 2020ರಲ್ಲಿ ಪ್ರಕಟವಾದ ಒಟ್ಟು ಫಲಿತಾಂಶದಲ್ಲಿ ತಾಯಿ-ಮಗುವಿನ ಸಾವುನೋವು ನಿರೀಕ್ಷಿಸಿದಂತೆ ಇಳಿಯಲಿಲ್ಲ. ನನ್ನ ಮಟ್ಟಿಗೆ ಅದರಿಂದ ಆ ಕೆಲಸದ ಬೆಲೆ ತಗ್ಗುವುದಿಲ್ಲ: ಹಳ್ಳಿಯ ಮನೆಬಾಗಿಲಲ್ಲೇ ಬಿ.ಪಿ. ಅಳೆಯಬಹುದೆಂದು ಅದು ತೋರಿಸಿತು.

ಈ ಭಾಗದಲ್ಲಿ ನನಗೆ ಹೆಚ್ಚು ಆತಂಕ ತರುವುದು ಬೇಸಿಗೆ ಮತ್ತು ನೋವಿನ ಗುಳಿಗೆ. ಏಪ್ರಿಲ್ ಬಿಸಿಲಲ್ಲಿ ಹೊಲದ ಕೆಲಸ, ಮಂಡಿನೋವಿಗೆ ಅಂಗಡಿಯಿಂದ ತಂದ ಡೈಕ್ಲೋಫೆನಾಕ್, ಜೊತೆಗೆ ಟೆಲ್ಮಿಸಾರ್ಟಾನ್ ಮತ್ತು ಥಯಜೈಡ್: ಇವೆಲ್ಲ ಕೂಡಿದರೆ ಕಿಡ್ನಿಗೆ ದಿಢೀರ್ ಪೆಟ್ಟು ಬೀಳಬಹುದು. ವಾಂತಿ-ಭೇದಿಯಾದ ದಿನವೇ ವೈದ್ಯರನ್ನು ಕೇಳಿ, ಗುಳಿಗೆ ತಾತ್ಕಾಲಿಕವಾಗಿ ನಿಲ್ಲಿಸಬೇಕೇ ಎಂದು ತಿಳಿದುಕೊಳ್ಳಬೇಕು. ವಯಸ್ಸಾದವರಿಗೆ ಎದ್ದು ನಿಂತಾಗ ಕಣ್ಣು ಕತ್ತಲೆ ಬಂದರೆ ನಿಂತಾಗಿನ ಬಿ.ಪಿ.ಯನ್ನೂ ಅಳೆಸಬೇಕು. ಟೆಲ್ಮಿಸಾರ್ಟಾನ್ ಶುರುಮಾಡಿದ ಕೆಲವೇ ವಾರಗಳಲ್ಲಿ ಕಿಡ್ನಿಯ ಸ್ಥಿತಿ ತೋರಿಸುವ ಕ್ರಿಯಾಟಿನಿನ್, ಜೊತೆಗೆ ಪೊಟ್ಯಾಷಿಯಂ ಪರೀಕ್ಷೆ ಆಗಲೇಬೇಕು. ಕಿಡ್ನಿ ಮೊದಲೇ ಸೊರಗಿದವರು ಪೊಟ್ಯಾಷಿಯಂ ಹೆಚ್ಚಿರುವ ಎಳನೀರು ಕುಡಿಯುವ ಮುಂಚೆಯೂ ರಕ್ತದಲ್ಲಿ ಅದು ಎಷ್ಟಿದೆಯೆಂದು ನೋಡಿಕೊಳ್ಳಬೇಕು.