ಡೇರೆ ಕಿತ್ತ ಮೇಲೆ ಉಳಿದ ಹಾಡು

ಆಳಂದ ತಾಲ್ಲೂಕಿನ ಮಾದನಹಿಪ್ಪರಗಾ ಮಹಾರಾಷ್ಟ್ರದ ಗಡಿಗೆ ಹತ್ತಿರದ ಊರು. ಈ ಸೀಮೆಯ ಹಿರಿಯರೊಡನೆ ಕುಳಿತು ಜಾತ್ರೆಯ ಮಾತೆತ್ತಿದರೆ ನಾಟಕ ಕಂಪನಿಯ ನೆನಪು ತಾನಾಗಿ ಬರುತ್ತದೆ. ಹಳೆಯ ರಂಗಗೀತೆಯೊಂದರ ಎರಡು ಸಾಲು ಬಾಯಿಗೆ ಬರುತ್ತವೆ. ಹಾಡು ನಿಂತಾಗ ಒಂದು ನಿಟ್ಟುಸಿರು.

ಆ ನಿಟ್ಟುಸಿರಿಗೆ ದೊಡ್ಡ ಇತಿಹಾಸವಿದೆ. 1880ರಲ್ಲಿ ಪುಣೆಯಲ್ಲಿ ‘ಶಾಕುಂತಲ’ವನ್ನು ರಂಗಕ್ಕೆ ತಂದು ಮರಾಠಿ ಸಂಗೀತ ನಾಟಕಕ್ಕೆ ದಾರಿ ಮಾಡಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಸೀಮೆಯ ಗುರ್ಲಹೊಸೂರಿನವರು. 1884ರಲ್ಲಿ ಗುಬ್ಬಿ ಕಂಪನಿ ಹುಟ್ಟಿತು. ನೂರು ವರ್ಷ ದಾಟಿ ಬಾಳಿದ ಏಣಗಿ ಬಾಳಪ್ಪನವರು (1914–2017) ‘ಕಲಾವೈಭವ ನಾಟ್ಯಸಂಘ’ವನ್ನು ಕಟ್ಟಿ ಊರೂರು ಸುತ್ತಿದರು. ಕಂಪನಿ ಬಿಡಾರ ಹೂಡಿದರೆ ಬಯಲೇ ರಂಗಮಂದಿರ. ಬಣ್ಣದ ಪರದೆ, ಹಾರ್ಮೋನಿಯಂ, ‘ಒನ್ಸ್ ಮೋರ್’ ಎಂಬ ಕೂಗು. ರಾತ್ರಿ ಕಳೆದುದೇ ತಿಳಿಯುತ್ತಿರಲಿಲ್ಲ. 1934ರಲ್ಲಿ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ ತೆರೆಕಂಡಿತು. ಮುಂದೆ ಸಿನಿಮಾ, ಬಳಿಕ ದೂರದರ್ಶನ ಪ್ರೇಕ್ಷಕರನ್ನು ಸೆಳೆದವು. ಬಾದಾಮಿಯ ಬನಶಂಕರಿ ಜಾತ್ರೆಯಂಥ ಕಡೆ ಇಂದಿಗೂ ಕಂಪನಿಗಳು ಆಡುತ್ತವೆ. ಆದರೆ ಬಹುಪಾಲು ಡೇರೆಗಳು ಮತ್ತೆ ಏಳಲಿಲ್ಲ.

ಇಂಥದೇ ನಿಟ್ಟುಸಿರನ್ನು ದೂರದ ಅರ್ಜೆಂಟೀನಾದವರು ಹಾಡನ್ನಾಗಿಯೇ ಬರೆದರು. ಬ್ಯೂನಸ್ ಐರಿಸ್ ನಗರದ ಟ್ಯಾಂಗೋ ಗೀತೆಗಳಲ್ಲಿ ಹಳೆಯ ಕೆಫೆಗಳಿಗೂ ನೃತ್ಯಶಾಲೆಗಳಿಗೂ ಹೇಳಿದ ವಿದಾಯಗಳು ಹಲವು. 1944ರ ‘ಕಫೇ ದೆ ಲೋಸ್ ಆಂಜೆಲಿತೋಸ್’ ಅವುಗಳಲ್ಲೊಂದು. ಆ ಹೆಸರಿನ ಅರ್ಥ ಪುಟ್ಟ ದೇವದೂತರ ಕೆಫೆ. ಹಾಡು ಹುಟ್ಟಿದಾಗ ಕೆಫೆ ಇನ್ನೂ ನಿಂತಿತ್ತು. ಅಲ್ಲಿ ಹಿಂದೆ ಕೂಡುತ್ತಿದ್ದ ಗೆಳೆಯರು ಇರಲಿಲ್ಲ. ಮುಂದೆ ಕೆಫೆಯೂ ಮುಚ್ಚಿತು. 2007ರಲ್ಲಿ ಅದನ್ನು ಹೊಸದಾಗಿ ಕಟ್ಟಿ ತೆರೆದರು. ಗೋಡೆಯನ್ನು ಮತ್ತೆ ಎಬ್ಬಿಸಬಹುದು, ಆ ಗೆಳೆಯರನ್ನು ಕರೆತರುವವರು ಯಾರು?

ನಮ್ಮ ರಂಗಗೀತೆಗಳನ್ನು ಯಾರೂ ವಿದಾಯಕ್ಕೆಂದು ಬರೆಯಲಿಲ್ಲ. ಕಾಲವೇ ಅವುಗಳನ್ನು ವಿದಾಯಗೀತೆಗಳನ್ನಾಗಿ ಮಾಡಿತು. ಗುಬ್ಬಿ ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀಯವರು ಅವನ್ನು ಹಾಡುವಾಗ ಕೇಳುಗರ ಕಣ್ಣು ತೇವಗೊಳ್ಳುವುದು ಇದರಿಂದಲೇ.

ಇರುಳಿನ ಮೋಜಿಗೆ ಕಣ್ಣೀರೇಕೆ ಎಂದು ಭಕ್ತರು ಕೇಳಬಹುದು. ಕೆಫೆಗಳಲ್ಲಿ ಕುಡಿತವಿತ್ತು, ಕಂಪನಿಗಳಲ್ಲಿ ಸಾಲವೂ ಸಂಕಟವೂ ಇದ್ದವು. ಆದರೆ ಹಾಡು ಅಳುವುದು ಒಂದೆಡೆ ಕೂಡಿ ನಕ್ಕ, ಕೂಡಿ ಅತ್ತ ಒಡನಾಟಕ್ಕಾಗಿ. ಬಾಬಿಲೋನಿನ ನದಿಗಳ ದಡದಲ್ಲಿ ಸಿಯೋನನ್ನು ನೆನೆದು ಅತ್ತವರ ಕೀರ್ತನೆಯನ್ನು ಧರ್ಮಸಭೆ ಇಂದಿಗೂ ಪ್ರಾರ್ಥಿಸುತ್ತದೆ. ಕಳೆದುಕೊಂಡುದನ್ನು ನೆನೆಯುವುದು ಪಾಪವಲ್ಲ.

ಬ್ಯೂನಸ್ ಐರಿಸ್‌ನಲ್ಲೇ ಹುಟ್ಟಿ ಬೆಳೆದ ಜಗದ್ಗುರು ಫ್ರಾನ್ಸಿಸರು (1936–2025) ಯೌವನದಲ್ಲಿ ಟ್ಯಾಂಗೋ ಕುಣಿದವರು. 2014ರ ಅವರ ಹುಟ್ಟುಹಬ್ಬಕ್ಕೆ ಸಂತ ಪೇತ್ರರ ಚೌಕದಲ್ಲಿ ಜನ ಟ್ಯಾಂಗೋ ಆಡಿದರು. ಇದಕ್ಕಿಂತ ನನ್ನ ಮನಸ್ಸನ್ನು ಹಿಡಿದದ್ದು ಅವರು ಹೇಳಿಕೊಂಡ ಇನ್ನೊಂದು ಸಂಗತಿ. ಪ್ರಸಿದ್ಧ ಟ್ಯಾಂಗೋ ಗಾಯಕಿ ಅಸುಸೇನಾ ಮೈಸಾನಿ 1970ರಲ್ಲಿ ತೀರಿಕೊಳ್ಳುವ ಮುನ್ನ ಆಕೆಗೆ ಅಭ್ಯಂಗ ಸಂಸ್ಕಾರ ನೀಡಿದ ಗುರು, ಆಗಷ್ಟೇ ಯಾಜಕದೀಕ್ಷೆ ಪಡೆದಿದ್ದ ಅವರೇ.

ಇರುಳೆಲ್ಲ ಚಪ್ಪಾಳೆ ತಟ್ಟಿದವರೇ ಬೆಳಗಾದ ಮೇಲೆ ನಟಿಯ ಕಡೆ ಬೆರಳು ತೋರಿದ್ದನ್ನು ನಮ್ಮ ಸೀಮೆಯೂ ಕಂಡಿದೆ. ಹೋದ ಡೇರೆಗಾಗಿ ಮರುಗುವುದು ಸುಲಭ. ಆ ಡೇರೆಯಲ್ಲಿ ಹಾಡಿ ಮುಪ್ಪಾದ ಜೀವವೊಂದು ನಮ್ಮ ಧರ್ಮಕೇಂದ್ರದ ಓಣಿಯಲ್ಲಿ ಒಂಟಿಯಾಗಿ ಮಲಗಿದ್ದರೆ, ಬಾಗಿಲು ತಟ್ಟಿ ಒಳಗೆ ಹೋಗುವವರು ನಮ್ಮಲ್ಲಿ ಯಾರು? ಹೋಗೋಣ, ಕೂತು, ಒಂದು ಹಾಡು ಹೇಳಿರೆಂದು ಕೇಳೋಣ.