ಮದ್ಯದ ಹೆಸರು ತಿಂಡಿಗೆ ಬಂದ ದಾರಿ

ಶ್ರೀನಗರದಲ್ಲಿ ಕೆಹ್ವಾ ಕೇಳಿದರೆ ಕೇಸರಿ, ಏಲಕ್ಕಿ, ಬಾದಾಮಿ ಚೂರು ಹಾಕಿದ ಹಸಿರು ಟೀ ಕೊಡುತ್ತಾರೆ. ಕಾಫಿಯ ಒಂದು ಹನಿಯೂ ಅದರಲ್ಲಿಲ್ಲ. ಆದರೂ ಆ ಕೆಹ್ವಾ, ನಮ್ಮ ಕಾಫಿ ಎರಡೂ ಒಂದೇ ಬಳ್ಳಿಯ ಕಾಯಿಗಳು. ಮೂಲ ಅರಬ್ಬಿಯ ‘ಕಹ್ವಾ’. ಇನ್ನೂ ಹಿಂದಕ್ಕೆ ಹೋದರೆ ಸೋಜಿಗ ಹೆಚ್ಚುತ್ತದೆ. ಹಳೆಯ ಅರಬ್ಬಿಯಲ್ಲಿ ಕಹ್ವಾ ಎಂದರೆ ಮದ್ಯ! ಕುಡಿದವನಿಗೆ ಊಟದ ಮೇಲಿನ ಆಸೆ ಹೋಗುತ್ತದೆ, ಅದಕ್ಕೇ ಆ ಹೆಸರು ಎಂದು ಅಲ್ಲಿನ ನಿಘಂಟುಕಾರರು ಬಿಡಿಸಿ ಹೇಳಿದ್ದಾರೆ.

ಮದ್ಯದ ಹೆಸರು ಕಾಫಿಗೆ ಅಂಟಿದ್ದು ಯೆಮೆನ್ನಿನಲ್ಲಿ. ಹದಿನೈದನೆಯ ಶತಮಾನದಲ್ಲಿ ಅಲ್ಲಿನ ಸೂಫಿಗಳು ರಾತ್ರಿಯ ನಾಮಸ್ಮರಣೆಗೆ ನಿದ್ದೆ ಅಡ್ಡ ಬರದಿರಲೆಂದು ಇದನ್ನು ಕುಡಿಯುತ್ತಿದ್ದರು. ಕುಡಿಯುವ ರೀತಿಯೇ ಮುಂದೆ ತೊಡಕು ತಂದಿತು. 1511ರಲ್ಲಿ ಮೆಕ್ಕಾದ ಅಧಿಕಾರಿ ಖೈರ್ ಬೇಗ್ ರಾತ್ರಿ ಪ್ರಾರ್ಥನೆ ಮುಗಿಸಿ ಬರುವಾಗ, ಲಾಂದ್ರದ ಬೆಳಕಿನಲ್ಲಿ ಒಂದಷ್ಟು ಜನ ಕೂತು ಏನನ್ನೋ ಕುಡಿಯುತ್ತಿದ್ದರು. ಅವನನ್ನು ಕಂಡದ್ದೇ ದೀಪ ಆರಿಸಿದರು. ಬಟ್ಟಲು ಕೈಯಿಂದ ಕೈಗೆ ದಾಟುವ ಆ ಪರಿ ಅವನಿಗೆ ಹೆಂಡದ ಕೂಟದಂತೆಯೇ ತೋರಿತು. ಧರ್ಮಪಂಡಿತರನ್ನೂ ವೈದ್ಯರನ್ನೂ ಸೇರಿಸಿ ವಿಚಾರಣೆ ಮಾಡಿಸಿದ, ಕಾಫಿಯನ್ನು ನಿಷೇಧಿಸಿದ. ಅವನ ಮೇಲಿದ್ದ ಕೈರೋದ ಸುಲ್ತಾನ ಪೂರ್ತಿಯಾಗಿ ಬೆಂಬಲಿಸಲಿಲ್ಲ, ನಿಷೇಧ ಬಾಳಲಿಲ್ಲ. ಮದ್ಯದ ಹೆಸರು ಹೊತ್ತ ಪಾನೀಯಕ್ಕೆ ಮದ್ಯದ ಅಪವಾದವೂ ಬಂತು ಎಂಬುದೇ ನನಗೆ ಈ ಕತೆಯಲ್ಲಿ ಹಿಡಿಸಿದ ಸಂಗತಿ.

ಇಥಿಯೋಪಿಯದ ಕಾಫಾ ಸೀಮೆಯಿಂದ ಕಾಫಿ ಎಂಬ ಹೆಸರು ಬಂತು ಎನ್ನುವವರೂ ಇದ್ದಾರೆ. ಕಿವಿಗೆ ಒಪ್ಪುವ ಮಾತು, ನಿಜ. ಆದರೆ ಗಿಡದ ತವರಾದ ಇಥಿಯೋಪಿಯದಲ್ಲಿ ಜನ ಕಾಫಿಗೆ ‘ಬುನ್ನ’ ಎನ್ನುತ್ತಾರೆ, ಅರಬ್ಬಿಯಲ್ಲೂ ಬೀಜಕ್ಕೆ ‘ಬುನ್ನ್’ ಎಂಬ ಬೇರೆ ಹೆಸರಿದೆ. ಹಾಗಾಗಿ ಮದ್ಯದ ಮೂಲವನ್ನೇ ನಾನು ನಂಬುತ್ತೇನೆ.

ಕಹ್ವಾ ತುರ್ಕಿಯಲ್ಲಿ ‘ಕಹ್ವೆ’ ಆಯಿತು. ಅಲ್ಲಿಂದ ಯುರೋಪಿಗೆ ಹೋಗುವಾಗ ‘ವ’ಕಾರ ‘ಫ’ಕಾರವಾಗಿ ಇಟಲಿಯ ಕಫೆ, ಡಚ್ಚರ ಕೋಫಿ, ಇಂಗ್ಲಿಷರ ಕಾಫಿ ಹುಟ್ಟಿದವು. ಫ್ರೆಂಚರ ಬಾಯಲ್ಲಿ ಪಾನೀಯದ ಹೆಸರು ಕೂತು ಕುಡಿಯುವ ಅಂಗಡಿಗೂ ಸಂದಿತು. ನಮ್ಮ ಹಳೆಯ ಮೈಸೂರಿನಲ್ಲಿ ಹೋಟೆಲಿಗೆ ‘ಕಾಫಿ ಕ್ಲಬ್ಬು’ ಎನ್ನುತ್ತಿದ್ದುದನ್ನು ಇದರ ಪಕ್ಕದಲ್ಲೇ ಇಡಬಹುದು.

ಕರ್ನಾಟಕಕ್ಕೆ ಬೀಜ ಒಂದು ದಾರಿಯಲ್ಲಿ ಬಂತು, ಹೆಸರು ಇನ್ನೊಂದು ದಾರಿಯಲ್ಲಿ. ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಯೆಮೆನ್ನಿನಿಂದ ಏಳು ಬೀಜ ತಂದು ಚಿಕ್ಕಮಗಳೂರಿನ ಚಂದ್ರದ್ರೋಣ ಬೆಟ್ಟದಲ್ಲಿ ಬಿತ್ತಿದರು ಎಂಬ ಐತಿಹ್ಯ ಎಲ್ಲರಿಗೂ ಗೊತ್ತು. ಬೀಜ ನೇರ ಅರಬ್ಬರ ನಾಡಿನಿಂದ ಬಂದರೂ ಕನ್ನಡಕ್ಕೆ ಕಹ್ವಾ ಬರಲಿಲ್ಲ. ಯುರೋಪನ್ನು ಸುತ್ತಿ ಬಂದ ಕಾಫಿಯೇ ನಿಂತಿತು. ಹಳ್ಳಿಯ ಹಿರಿಯರು ಅದನ್ನು ‘ಕಾಪಿ’ ಮಾಡಿಕೊಂಡರು. ಅದನ್ನು ತಪ್ಪು ಉಚ್ಚಾರವೆಂದು ತಿದ್ದುವವರಿದ್ದಾರೆ, ತಿದ್ದಬೇಕಾದ್ದೇನೂ ಇಲ್ಲ. ಹೊರಗಿನ ‘ಫ’ಕಾರವನ್ನು ಕನ್ನಡದ ಬಾಯಿ ತನಗೆ ಒಗ್ಗಿದಂತೆ ತಿರುಗಿಸಿಕೊಂಡಿದೆ, ಅರಬ್ಬಿಯ ‘ವ’ಕಾರವನ್ನು ಯುರೋಪು ತಿರುಗಿಸಿಕೊಂಡ ಹಾಗೆ. ಕಾಪಿ ರಾಗಕ್ಕೂ ಇದಕ್ಕೂ ಮಾತ್ರ ಯಾವ ಸಂಬಂಧವೂ ಇಲ್ಲ.

ಅಡುಗೆಮನೆಯಲ್ಲಿ ಈ ಪದದ ಸುತ್ತ ಬೆಳೆದ ಮಾತುಗಳನ್ನು ನೋಡಿ. ಫಿಲ್ಟರಿನ ಮೇಲಿನ ಪಾತ್ರೆಗೆ ಪುಡಿ ಹಾಕಿ, ತೂತಿನ ಬಿಲ್ಲೆಯಿಂದ ಮೆಲ್ಲಗೆ ಅದುಮಿ, ಕುದಿಯುವ ನೀರು ಹೊಯ್ದು ಮುಚ್ಚಿದರೆ ಕೆಳಗಿನ ಪಾತ್ರೆಗೆ ತೊಟ್ಟು ತೊಟ್ಟಾಗಿ ಡಿಕಾಕ್ಷನ್ ಇಳಿಯುತ್ತದೆ. ಡಿಕಾಕ್ಷನ್ನಿನ ಲ್ಯಾಟಿನ್ ಮೂಲಕ್ಕೆ ಕುದಿಸಿ ಇಂಗಿಸುವುದು ಎಂದು ಅರ್ಥ. ಪುಡಿಯನ್ನು ಒಲೆಯ ಮೇಲೆ ಕುದಿಸದ ನಾವು ಆ ಹೆಸರನ್ನೇ ಉಳಿಸಿಕೊಂಡಿದ್ದೇವೆ. ಆದರೆ ಬಸಿದಾದ ಮೇಲೆ ಮೇಲಿನ ಪಾತ್ರೆಯಲ್ಲಿ ಉಳಿಯುವುದಕ್ಕೆ ಅಪ್ಪಟ ಕನ್ನಡದ ಪದವೇ ಇದೆ: ಚರಟ. ಗುಲಾಬಿ ಗಿಡದ ಬುಡಕ್ಕೆ ಬೀಳುವ ಆ ಕಪ್ಪು ಚರಟಕ್ಕೆ ಇಂಗ್ಲಿಷಿನ ಆಸರೆ ಬೇಕಾಗಲೇ ಇಲ್ಲ. ಅಡುಗೆಮನೆಯ ಹೊರಗೆ, ಸೀರೆ ಅಂಗಡಿಯಲ್ಲಿ ‘ಕಾಫಿಪುಡಿ ಬಣ್ಣ’ ಎಂದರೆ ಸಾಕು, ಯಾವುದೆಂದು ಯಾರೂ ಕೇಳುವುದಿಲ್ಲ. ತುರ್ಕರಿಗೂ ಕಂದು ಬಣ್ಣವೆಂದರೆ ‘ಕಹ್ವೆರೆಂಗಿ’, ಕಾಫಿಯ ರಂಗು.

ಆ ತುರ್ಕಿಯಲ್ಲೇ ಬೆಳಗಿನ ತಿಂಡಿಗೆ ‘ಕಹ್ವಾಲ್ತಿ’ ಎನ್ನುತ್ತಾರೆ: ಕಹ್ವೆಗೆ ಮೊದಲು ಹೊಟ್ಟೆಗೆ ಬೀಳುವ ತುತ್ತು. ಈಗ ಅವರು ತಿಂಡಿಯ ಜೊತೆ ಕುಡಿಯುವುದು ಟೀ, ಆದರೂ ಹೆಸರು ಕದಲಿಲ್ಲ. ಬ್ರೆಜಿಲ್ಲಿನವರಿಗೆ ಬೆಳಗಿನ ತಿಂಡಿ ಎಂದರೆ ‘ಬೆಳಗಿನ ಕಾಫಿ’. ನಮ್ಮ ಮೈಸೂರು ಸೀಮೆಯಲ್ಲಿ ಎಂಟು ಗಂಟೆಗೆ ಎದುರಾದವರು ‘ಕಾಫಿ ಆಯ್ತಾ?’ ಎಂದರೆ ಕೇಳುತ್ತಿರುವುದು ಇಡ್ಲಿಯನ್ನೋ ಉಪ್ಪಿಟ್ಟನ್ನೋ. ‘ಆಯ್ತು, ದೋಸೆ’ ಎಂದು ಉತ್ತರಿಸಿದರೆ ಯಾರಿಗೂ ಅಸಂಬದ್ಧವೆನಿಸುವುದಿಲ್ಲ. ಹಸಿವು ಮುಚ್ಚುವ ಮದ್ಯದ ಹೆಸರು ಹಸಿವು ತೀರಿಸುವ ತಿಂಡಿಯ ಹೆಸರಾಗಿದೆ. ಒಂದನ್ನೊಂದು ಕೇಳದೆ ಮೂರು ಭಾಷೆಗಳು ಇದೇ ಹಾದಿ ಹಿಡಿದಿವೆ. ‘ಕಾಫಿಗೇನಾದರೂ ಕೊಡಿ’ ಎಂದು ಕಚೇರಿಯಲ್ಲಿ ಕೇಳುವುದರ ಅರ್ಥ ಬೇರೆಯೇ, ಅದನ್ನು ನಾನು ಪಕ್ಕಕ್ಕಿಡುತ್ತೇನೆ.

ಕನ್ನಡ ನಿಘಂಟು ಮಾಡುವವರಲ್ಲಿ ಒಂದು ಕೋರಿಕೆ. ಕಾಫಿ ಎಂಬ ನಮೂದಿನ ಕೆಳಗೆ ಗಿಡ, ಬೀಜ, ಪಾನೀಯ ಎಂಬ ಅರ್ಥಗಳನ್ನಷ್ಟೇ ಕೊಟ್ಟು ಮುಗಿಸಬೇಡಿ. ‘ಬೆಳಗಿನ ಉಪಾಹಾರ’ ಎಂಬ ಅರ್ಥವನ್ನೂ ಸೇರಿಸಿ, ಪಕ್ಕದಲ್ಲೇ ಕಾಪಿ ಎಂಬ ರೂಪವನ್ನೂ ಕೊಡಿ.