ರವ್, ರಬ್ಬಿ, ರಬ್ಬಾನ್: ಯಹೂದ್ಯ ವಿದ್ವಾಂಸರ ಬಿರುದುಗಳು

'ರಬ್ಬಿ' ಎಂಬ ಶಬ್ದವನ್ನು 'ಯಹೂದ್ಯರ ಪುರೋಹಿತ' ಎಂದು ಕನ್ನಡಿಸುವುದುಂಟು. ಇತಿಹಾಸದ ವಿದ್ಯಾರ್ಥಿಯನ್ನು ದಾರಿತಪ್ಪಿಸುವ ಅನುವಾದವಿದು. ಯಹೂದ್ಯರಲ್ಲಿ ಪೌರೋಹಿತ್ಯವು 'ಕೊಹೇನ್' ವಂಶದವರಿಗೆ ಹುಟ್ಟಿನಿಂದ ಬಂದದ್ದು. ಯೆರೂಸಲೇಮಿನ ದೇವಾಲಯದ ಬಲಿಕರ್ಮವು ಅವರ ಹಕ್ಕಾಗಿದ್ದಿತು. ರಬ್ಬಿಯಾದರೋ ವಿದ್ಯೆಯಿಂದ ಆದವನು. ಕ್ರಿ. ಶ. 70ರಲ್ಲಿ ರೋಮನರು ದೇವಾಲಯವನ್ನು ನಾಶಮಾಡಿದ ತರುವಾಯ ಸಮಾಜದ ನಾಯಕತ್ವವು ಪುರೋಹಿತರಿಂದ ವಿದ್ವಾಂಸರಿಗೆ ಕ್ರಮೇಣ ಸಂದಿತು. ಬಿರುದುಗಳು ರೂಢಿಗೆ ಬಂದುದೂ ಸರಿಸುಮಾರಾಗಿ ಆ ಕಾಲದಲ್ಲಿಯೇ.

ಮೂಲಶಬ್ದವು 'ರವ್'. ದೊಡ್ಡದು, ಬಹುವಾದುದು ಎಂದು ಅದರ ಅರ್ಥ. ಅದರಿಂದ ಒಡೆಯ, ಗುರು. (ನಮ್ಮ 'ಗುರು' ಶಬ್ದಕ್ಕೂ ಭಾರವಾದುದು, ಹಿರಿದಾದುದು ಎಂಬ ಅರ್ಥವಿರುವುದು ಸ್ಮರಣೀಯ.) 'ರಬ್ಬಿ' ಎಂದರೆ 'ನನ್ನ ಗುರುವೇ'. ಮೊದಲಿಗೆ ಇದು ಬಿರುದಲ್ಲ, ಸಂಬೋಧನೆ; ಯೋಹಾನನ ಸುವಾರ್ತೆಯಲ್ಲಿ ಶಿಷ್ಯರು ಯೇಸುವನ್ನು ಹೀಗೆ ಕರೆಯುವುದನ್ನು ಕಾಣಬಹುದು. ಮುಂದೆ 'ನನ್ನ' ಎಂಬ ಅರ್ಥವು ಸವೆದು, ಬಸವಣ್ಣನ ಹೆಸರಿನಲ್ಲಿ 'ಅಣ್ಣ' ಬೆರೆತಂತೆ, ಸಂಬೋಧನೆಯು ಹೆಸರಿಗೇ ಅಂಟಿಕೊಂಡಿತು: ರಬ್ಬಿ ಅಕಿವಾ, ರಬ್ಬಿ ಮೇಯಿರ್. 'ನಮ್ಮ ಗುರು' ಎಂದರ್ಥವಾಗುವ 'ರಬ್ಬಾನ್' ಬಿರುದು ಗಮಲಿಯೇಲ್, ಯೋಹಾನಾನ್ ಬೆನ್ ಜಕ್ಕಾಯ್ ಮೊದಲಾದ ಕೆಲವೇ ನಾಯಕರಿಗೆ ಸಂದಿತು.

ರವ್ ಮತ್ತು ರಬ್ಬಿ ಬಿರುದುಗಳ ಭೇದವು ಕೇವಲ ವ್ಯಾಕರಣದ್ದಲ್ಲ. ಪ್ಯಾಲೆಸ್ಟೈನಿನಲ್ಲಿ ಗುರುವು ಯೋಗ್ಯ ಶಿಷ್ಯನಿಗೆ 'ಸೆಮಿಖಾ', ಅಂದರೆ ಹಸ್ತಸ್ಥಾಪನ, ಎಂಬ ದೀಕ್ಷೆಯನ್ನು ಕೊಡುತ್ತಿದ್ದನು. ಮೋಶೆಯು ಯೆಹೋಶುವನ ಮೇಲೆ ಕೈಯಿಟ್ಟುದರಿಂದ ಈ ಪರಂಪರೆ ಹೊರಟಿತೆಂದು ನಂಬಿಕೆ. ಆ ನಾಡಿನ ಹೊರಗೆ ಈ ದೀಕ್ಷೆಯನ್ನು ಕೊಡುವಂತಿರಲಿಲ್ಲ. ಆದುದರಿಂದ ಬಾಬಿಲೋನಿಯದ ವಿದ್ವಾಂಸರು, ಎಷ್ಟೇ ದೊಡ್ಡವರಾಗಿರಲಿ, 'ರವ್' ಎನಿಸಿಕೊಂಡರು: ರವ್ ಹೂನಾ, ರವ್ ಆಶಿ. ಅವರು ಸಾಲದ ವ್ಯಾಜ್ಯಗಳನ್ನು ತೀರ್ಮಾನಿಸಬಲ್ಲವರಾಗಿದ್ದರು. ಶಾಸ್ತ್ರೋಕ್ತವಾದ ದಂಡವನ್ನು ವಿಧಿಸಲಾರದವರಾಗಿದ್ದರು. ಎರಡನ್ನೂ 'ಪಂಡಿತ' ಎಂದು ಅನುವಾದಿಸಿದರೆ ನ್ಯಾಯಾಧಿಕಾರದ ಈ ಎಲ್ಲೆಯೇ ಅಳಿಸಿಹೋಗುವುದು.

ಹತ್ತನೆಯ ಶತಮಾನದ ಶೆರಿರಾ ಗಾವೋನನದೆಂದು ಬಂದಿರುವ ವಿವರಣೆಯೊಂದರಲ್ಲಿ ರವ್‌ಗಿಂತ ರಬ್ಬಿ, ರಬ್ಬಿಗಿಂತ ರಬ್ಬಾನ್, ರಬ್ಬಾನ್‌ಗಿಂತ ಬರಿಯ ಹೆಸರು ಹಿರಿದೆಂಬ ತಾರತಮ್ಯವಿದೆ. ಹಿಲ್ಲೆಲ್, ಶಮ್ಮಾಯ್ ಇವರಿಗೆ ಯಾವ ಬಿರುದೂ ಇಲ್ಲವಷ್ಟೆ. ಮಾತು ಸೊಗಸಾಗಿದೆ, ಆದರೆ ಅವರ ಕಾಲಕ್ಕೆ ಬಿರುದುಗಳೇ ರೂಢಿಗೆ ಬಂದಿರಲಿಲ್ಲವೆಂಬುದು ಸರಳವಾದ ಕಾರಣ. ಚರಿತ್ರೆಯ ಆಕಸ್ಮಿಕವನ್ನು ಹಿಂದಿನವರು ಗೌರವವಾಗಿ ಓದಿಕೊಂಡರೆಂದೇ ಹೇಳಬೇಕು. ಶೆರಿರಾನ ಹೆಸರಿನೊಡನಿರುವ 'ಗಾವೋನ್' (ಘನತೆ) ಆಗ ಸೂರಾ, ಪುಂಬೆದಿತಾ ವಿದ್ಯಾಪೀಠಗಳ ಅಧ್ಯಕ್ಷಪದವಿ. ಹದಿನೆಂಟನೆಯ ಶತಮಾನದ ವಿಲ್ನಾದ ಎಲಿಯಾಹುವಿನ ವಿಷಯದಲ್ಲಿ ಅದು ಬರಿಯ ಪ್ರಶಂಸೆ.

ಕಡಿದುಹೋದ ಸೆಮಿಖಾ ಪರಂಪರೆಯನ್ನು 1538ರಲ್ಲಿ ಸಫೇದಿನ ಯಾಕೋಬ್ ಬೇರಾಬನು ಪುನರುದ್ಧರಿಸಲೆಳಸಿದನು. ನಾಡಿನ ವಿದ್ವಾಂಸರೆಲ್ಲರೂ ಒಮ್ಮತರಾದರೆ ಅದು ಸಾಧ್ಯವೆಂಬ ಮೈಮೊನಿಡೀಸನ ಅಭಿಪ್ರಾಯವೇ ಅವನಿಗೆ ಆಧಾರ. ತಮ್ಮನ್ನು ಕೇಳದೆ ನಡೆದುದು ಒಮ್ಮತವಾಗಲಾರದೆಂದು ಯೆರೂಸಲೇಮಿನ ಲೇವಿ ಇಬ್ನ್ ಹಬೀಬನು ವಿರೋಧಿಸಿದನು, ಪ್ರಯತ್ನವು ನೆಲೆನಿಲ್ಲಲಿಲ್ಲ. ಇಂದಿನ ರಬ್ಬಿಗಳ ಅರ್ಹತೆಗೂ ಸೆಮಿಖಾ ಎಂದೇ ಹೆಸರು. ಆದರೆ ಅದು ಶಾಸ್ತ್ರಪ್ರಶ್ನೆಗಳಿಗೆ ನಿರ್ಣಯ ಹೇಳುವ ಅನುಮತಿಯೇ ಹೊರತು ಹಳೆಯ ದಂಡಾಧಿಕಾರವಲ್ಲ.